ಕೃತಕ ಬುದ್ಧಿಮತ್ತೆ, ಸ್ವಯಂಚಾಲಿತ ಯಂತ್ರಗಳು ಮತ್ತು ಕಾರ್ಮಿಕರ ಕೌಶಲ್ಯ: ತರಬೇತಿಗೆ ಅರ್ಜಿ ಸಲ್ಲಿಸುವವರ ಮಾಹಿತಿಗಾಗಿ

ಪೀಠಿಕೆ

ವೃತ್ತಿ ತರಬೇತಿಗೆ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳು ಮತ್ತು ಅವರ ಪೋಷಕರು ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಯಂತ್ರಗಳೇ ನೋಡಿ, ಓದಿ, ಬರೆದು ಕೆಲಸ ಮುಗಿಸುವ ಕಾಲದಲ್ಲಿ ಯಾವ ವೃತ್ತಿಯನ್ನು ಕಲಿತರೆ ಪ್ರಯೋಜನ ಎಂಬುದು ಮೊದಲನೆಯದು. ಹತ್ತಿಪ್ಪತ್ತು ವರ್ಷ ದುಡಿದು ಕಲಿತ ಕೆಲಸ ಇನ್ನು ಎಷ್ಟು ದಿನ ಉಳಿದೀತು ಎಂಬುದು ಎರಡನೆಯದು. ಈ ಎರಡೂ ಪ್ರಶ್ನೆಗಳಿಗೆ ಸಂಬಂಧಿಸಿದಂತೆ ಸಾರ್ವಜನಿಕರಿಗೆ ಅಗತ್ಯವಾದ ವಿವರಗಳನ್ನು ಈ ಪುಟದಲ್ಲಿ ಸರಳವಾಗಿ ನೀಡಲಾಗಿದೆ.

ವಿವಿಧ ಉದ್ಯಮಗಳ ಅನುಭವದಿಂದ ಕಂಡುಬರುವ ಮುಖ್ಯ ಅಂಶವನ್ನು ಆರಂಭದಲ್ಲಿಯೇ ಹೇಳುವುದು ಸೂಕ್ತ. ಹೊಸ ಯಂತ್ರವು ಒಂದು ವೃತ್ತಿಯೊಳಗಿನ ಕೆಲವು ಕೆಲಸಗಳನ್ನು ಮೊದಲು ತನ್ನದಾಗಿಸಿಕೊಳ್ಳುತ್ತದೆ. ಯಂತ್ರ ಮಾಡಿದ ಕೆಲಸ ಸರಿಯೋ ತಪ್ಪೋ ಎಂದು ನಿರ್ಣಯಿಸುವ ಹೊಣೆ ಮನುಷ್ಯನಲ್ಲಿ ಉಳಿಯುತ್ತದೆ. ಆ ನಿರ್ಣಯವನ್ನು ಮಾಡಬಲ್ಲವರು ಮೂಲ ವೃತ್ತಿಯನ್ನು ಬಲ್ಲವರು ಮಾತ್ರ. ಆದುದರಿಂದ ಮೂಲ ವೃತ್ತಿಯನ್ನು ಬಿಡದೆ, ಅದರ ಮೇಲೆ ಹೊಸ ಕೌಶಲ್ಯವನ್ನು ಸೇರಿಸಿಕೊಂಡು, ಎರಡಕ್ಕೂ ಅಧಿಕೃತ ಪ್ರಮಾಣಪತ್ರ ಪಡೆದಿಟ್ಟುಕೊಳ್ಳುವುದು ಕಾರ್ಮಿಕರಿಗೆ ಹಿತಕರ.

1. ಎರಡು ಪದಗಳ ಅರ್ಥ

ಸ್ವಯಂಚಾಲಿತ ಯಂತ್ರ ಎಂದರೆ ಮೊದಲೇ ನಿಗದಿಪಡಿಸಿದ ಕ್ರಮದಂತೆ, ಮನುಷ್ಯನ ಕೈ ಸೋಕದೆ, ಒಂದೇ ಕೆಲಸವನ್ನು ಪುನಃ ಪುನಃ ಮಾಡುವ ಯಂತ್ರ. ಬ್ಯಾಂಕಿನ ಎಟಿಎಂ ಇದಕ್ಕೆ ಎಲ್ಲರೂ ಕಂಡಿರುವ ಉದಾಹರಣೆ. ಅದಕ್ಕೆ ಕೊಟ್ಟಿರುವ ಆದೇಶಗಳನ್ನು ಮೀರಿ ಅದು ಏನನ್ನೂ ಮಾಡುವುದಿಲ್ಲ.

ಕೃತಕ ಬುದ್ಧಿಮತ್ತೆಯ ರೀತಿ ಬೇರೆ. ಇಲ್ಲಿ ಗಣಕಯಂತ್ರಕ್ಕೆ ಪ್ರತಿಯೊಂದು ಹೆಜ್ಜೆಯನ್ನೂ ಬರೆದುಕೊಡುವುದಿಲ್ಲ. ಸಾವಿರಾರು, ಲಕ್ಷಾಂತರ ಮಾದರಿಗಳನ್ನು ತೋರಿಸಲಾಗುತ್ತದೆ. ಅವುಗಳಲ್ಲಿನ ಹೋಲಿಕೆಗಳನ್ನು ಗುರುತಿಸಿಕೊಂಡು, ಹೊಸದಾಗಿ ಕಂಡ ವಸ್ತು ಯಾವುದಕ್ಕೆ ಸಮೀಪ ಎಂದು ಯಂತ್ರ ಅಂದಾಜು ಮಾಡುತ್ತದೆ. 2022ರ ನವೆಂಬರ್ ತಿಂಗಳಲ್ಲಿ ಸಾರ್ವಜನಿಕ ಬಳಕೆಗೆ ಬಂದ ಚಾಟ್‌ಜಿಪಿಟಿ ಮತ್ತು ಅನಂತರ ಬಂದ ಅದರಂತಹ ಇತರ ಸೇವೆಗಳು ಇದೇ ವಿಧಾನದಿಂದ ಪತ್ರ, ವರದಿ, ಅನುವಾದಗಳನ್ನು ಸಿದ್ಧಪಡಿಸುತ್ತವೆ. ಅಂದಾಜು ಬಹುಪಾಲು ಸರಿಯಾಗಿರಬಹುದು. ತಪ್ಪಿದಾಗಲೂ ಸರಿಯಾದ ಉತ್ತರದಷ್ಟೇ ದೃಢವಾದ ಧಾಟಿಯಲ್ಲಿ ಅದು ಮೂಡಿಬರುತ್ತದೆ. ಕಾರ್ಮಿಕರ ಕೌಶಲ್ಯದ ವಿಷಯದಲ್ಲಿ ಬಹಳಷ್ಟು ಸಂಗತಿಗಳು ಈ ಒಂದು ಗುಣವನ್ನೇ ಅವಲಂಬಿಸಿವೆ.

2. ಹಿಂದಿನ ಬದಲಾವಣೆಯಿಂದ ತಿಳಿಯುವುದೇನು?

ಕೆಲಸದ ರೀತಿ ಬದಲಾಗುವುದು ಕರ್ನಾಟಕಕ್ಕೆ ಹೊಸತಲ್ಲ. 2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಜಮೀನು ದಾಖಲೆಗಳನ್ನು ಗಣಕೀಕರಿಸಲಾಯಿತು. ಅದಕ್ಕೆ ಮೊದಲು ಪಹಣಿಯನ್ನು ಕೈಯಿಂದ ಬರೆದುಕೊಡಲಾಗುತ್ತಿತ್ತು. ದಾಖಲೆ ಪುಸ್ತಕಗಳನ್ನು ಜೋಪಾನ ಮಾಡುವುದು, ಹಳೆಯ ಬರವಣಿಗೆಯನ್ನು ಓದುವುದು, ನಕಲು ತೆಗೆಯುವುದು ಗ್ರಾಮ ಲೆಕ್ಕಿಗರ ಕೆಲಸದ ದೊಡ್ಡ ಭಾಗವಾಗಿತ್ತು.

ಗಣಕೀಕರಣದ ನಂತರ ನಕಲು ತೆಗೆಯುವ ಕೆಲಸ ಯಂತ್ರಕ್ಕೆ ಹೋಯಿತು. ಸ್ಥಳಕ್ಕೆ ಭೇಟಿ ನೀಡುವುದು, ಅನುಭವದಲ್ಲಿರುವವರು ಯಾರೆಂದು ಪರಿಶೀಲಿಸುವುದು, ಬೆಳೆ ನಮೂದು ಮಾಡುವುದು, ಮ್ಯುಟೇಶನ್ ವರದಿ ನೀಡುವುದು ಉಳಿದವು. ದಾಖಲೆಯಲ್ಲಿ ಒಂದು ಹೆಸರು ತಪ್ಪಾಗಿ ಸೇರಿದರೆ ಅದೇ ತಪ್ಪು ಪ್ರತಿಯೊಂದು ಮುದ್ರಿತ ಪ್ರತಿಯಲ್ಲಿಯೂ ಬರುವಂತಾದುದರಿಂದ, ನಮೂದಿಸುವ ಮೊದಲು ಪರಿಶೀಲಿಸುವ ಕೆಲಸದ ಮಹತ್ವ ಹೆಚ್ಚಿತು. ಬರೆಯುವ ಶ್ರಮ ಕಡಿಮೆಯಾದಷ್ಟು ನೋಡಿ ನಿರ್ಧರಿಸುವ ಹೊಣೆ ಬೆಳೆಯಿತು. ಇದೇ ಬಗೆಯ ಬದಲಾವಣೆ ಈಗ ಕಾರ್ಖಾನೆ ಮತ್ತು ಕಚೇರಿಗಳಲ್ಲಿ ಆಗುತ್ತಿರುವುದನ್ನು ಮುಂದಿನ ಉದಾಹರಣೆಗಳಿಂದ ತಿಳಿಯಬಹುದು.

3. ಕಾರ್ಖಾನೆ: ಲೇತ್ ಯಂತ್ರದ ಕೆಲಸ

ಬೆಂಗಳೂರಿನಲ್ಲಿ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾದ ಮೇಲೆ ಯಂತ್ರೋಪಕರಣಗಳ ಕಸುಬು ನಗರದಲ್ಲಿ ಬೇರೂರಿತು. ಪೀಣ್ಯ ಮತ್ತಿತರ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಲ್ಲಿ ಟರ್ನರ್, ಫಿಟ್ಟರ್, ಮೆಷಿನಿಸ್ಟ್ ವೃತ್ತಿಯವರು ದೊಡ್ಡ ಸಂಖ್ಯೆಯಲ್ಲಿ ದುಡಿಯುತ್ತಿದ್ದಾರೆ.

ಸಾಮಾನ್ಯ ಲೇತ್ ಯಂತ್ರದಲ್ಲಿ ಟರ್ನರ್ ನಕ್ಷೆಯನ್ನು ಓದಿ, ತಕ್ಕ ಟೂಲ್ ಆರಿಸಿ, ಕೈಯಿಂದ ಚಕ್ರ ತಿರುಗಿಸುತ್ತಾ ಲೋಹವನ್ನು ಕೊರೆಯುತ್ತಾನೆ. ಟೂಲ್ ಸವೆದಿರುವುದು ಅವನಿಗೆ ಕೊರೆತದ ಸದ್ದಿನಿಂದ, ಹೊರಬರುವ ಚೂರಿನ ಬಣ್ಣದಿಂದ ತಿಳಿಯುತ್ತದೆ. ಸಿಎನ್‌ಸಿ ಯಂತ್ರ ಬಂದಾಗ ಚಕ್ರ ತಿರುಗಿಸುವ ಕೆಲಸ ಹೋಯಿತು. ಅಳತೆಗಳನ್ನು ಪ್ರೋಗ್ರಾಂ ರೂಪದಲ್ಲಿ ಕೊಟ್ಟರೆ ಯಂತ್ರವೇ ಕೊರೆಯುತ್ತದೆ. ಆದರೆ ಟೂಲ್ ಸವೆಯುವುದು ನಿಲ್ಲಲಿಲ್ಲ. ದುಂಡನೆಯ ಬಿಡಿಭಾಗದ ಹೊರಮೈಯನ್ನು ಕೊರೆಯುವಾಗ ಟೂಲಿನ ತುದಿ 0.02 ಮಿಲಿಮೀಟರ್ ಸವೆದರೆ, ಬಿಡಿಭಾಗದ ವ್ಯಾಸ 0.04 ಮಿಲಿಮೀಟರ್ ಹೆಚ್ಚಾಗುತ್ತದೆ. ಅಳತೆಯನ್ನು ಮೈಕ್ರೋಮೀಟರಿನಿಂದ ಪರೀಕ್ಷಿಸಿ ಯಂತ್ರಕ್ಕೆ ತಿದ್ದುಪಡಿ ಕೊಡದಿದ್ದರೆ ಮುಂದಿನ ಬಿಡಿಭಾಗಗಳೆಲ್ಲ ತಿರಸ್ಕೃತವಾಗುತ್ತವೆ. ಏಕೆ ದುಪ್ಪಟ್ಟಾಯಿತು ಎಂಬುದು ಟರ್ನಿಂಗ್ ಕಲಿತವನಿಗೆ ಕೂಡಲೇ ಹೊಳೆಯುತ್ತದೆ. ಗುಂಡಿ ಒತ್ತುವುದನ್ನು ಮಾತ್ರ ಕಲಿತವನಿಗೆ ಹೊಳೆಯುವುದಿಲ್ಲ.

ಈಗಿನ ಹಂತದಲ್ಲಿ ಪರೀಕ್ಷಣೆಯನ್ನೂ ಯಂತ್ರಕ್ಕೆ ವಹಿಸಲಾಗುತ್ತಿದೆ. ಕ್ಯಾಮೆರಾ ಬಿಡಿಭಾಗದ ಚಿತ್ರ ತೆಗೆಯುತ್ತದೆ. ಮಾದರಿಗಳಿಂದ ಕಲಿತ ಗಣಕಯಂತ್ರ ಒಳ್ಳೆಯದನ್ನೂ ದೋಷಯುಕ್ತವಾದುದನ್ನೂ ಬೇರ್ಪಡಿಸುತ್ತದೆ. ಇದರಲ್ಲಿ ಎರಡು ವಿಧದ ತಪ್ಪುಗಳು ಸಂಭವಿಸಬಹುದು. ಎಣ್ಣೆಯ ಕಲೆಯನ್ನು ಅಥವಾ ದೀಪದ ಬೆಳಕಿನ ವ್ಯತ್ಯಾಸವನ್ನು ಬಿರುಕು ಎಂದು ತಿಳಿದು ಒಳ್ಳೆಯ ಬಿಡಿಭಾಗವನ್ನು ತಿರಸ್ಕರಿಸುವುದು ಒಂದು. ಇದರಿಂದ ಮಾಲೀಕರಿಗೆ ನಷ್ಟ. ಮಾದರಿಗಳಲ್ಲಿ ಇಲ್ಲದಿದ್ದ ಹೊಸ ಬಗೆಯ ದೋಷವನ್ನು ಗುರುತಿಸದೆ ಬಿಟ್ಟುಬಿಡುವುದು ಇನ್ನೊಂದು. ಅಂತಹ ಬಿಡಿಭಾಗ ವಾಹನದ ಬ್ರೇಕಿಗೆ ಸೇರಿದರೆ ಅಪಾಯ ರಸ್ತೆಯಲ್ಲಿ ಹೋಗುವವರಿಗೆ. ಹೀಗಾಗಿ ಕಣ್ಣಿನಿಂದ ನೋಡಿ ವಿಂಗಡಿಸುವ ಕೆಲಸಗಾರರ ಅಗತ್ಯ ಕಡಿಮೆಯಾಗುತ್ತದೆ. ಯಂತ್ರದ ತೀರ್ಪನ್ನು ಪರಿಶೀಲಿಸಿ, ದೋಷದ ಮೂಲವನ್ನು ಹುಡುಕಿ ಸರಿಪಡಿಸಬಲ್ಲ ಕೆಲಸಗಾರರ ಅಗತ್ಯ ಹೆಚ್ಚುತ್ತದೆ.

4. ಸಿದ್ಧ ಉಡುಪು

ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಮಹಿಳೆಯರೇ ಹೆಚ್ಚು. ಬಟ್ಟೆ ಹಾಸುವುದು, ಕತ್ತರಿಸುವುದು, ಹೊಲಿಗೆಯ ಕೊನೆಯಲ್ಲಿ ದಾರ ಕತ್ತರಿಸುವುದು, ಜೇಬು ಕೂರಿಸುವುದು ಮುಂತಾದ ಕೆಲಸಗಳಿಗೆ ಸ್ವಯಂಚಾಲಿತ ಯಂತ್ರಗಳು ಬಂದಿವೆ. ಹೊಲಿಗೆಯ ಕೆಲಸ ಮಾತ್ರ ಇನ್ನೂ ಬಹುಮಟ್ಟಿಗೆ ಟೈಲರ್‌ಗಳ ಕೈಯಲ್ಲಿಯೇ ಇದೆ. ಲೋಹದ ತುಂಡು ಇಟ್ಟಲ್ಲಿ ಇಟ್ಟಂತೆಯೇ ಇರುತ್ತದೆ. ಬಟ್ಟೆ ಮಡಚಿಕೊಳ್ಳುತ್ತದೆ, ಜಾರುತ್ತದೆ, ಎಳೆದರೆ ಹಿಗ್ಗುತ್ತದೆ. ಇದನ್ನು ಹಿಡಿದು ನಡೆಸುವುದು ಯಂತ್ರಕ್ಕೆ ಕಷ್ಟ.

ಆದುದರಿಂದ ಈ ಉದ್ಯಮದಲ್ಲಿ ಬದಲಾವಣೆಯ ಪರಿಣಾಮ ಎಲ್ಲರ ಮೇಲೂ ಸಮನಾಗಿಲ್ಲ. ದಾರ ಕತ್ತರಿಸುವ, ಬಟ್ಟೆ ಎತ್ತಿಕೊಡುವ ಹೆಲ್ಪರ್‌ಗಳ ಕೆಲಸ ಮೊದಲು ಕಡಿಮೆಯಾಗುತ್ತದೆ. ಒಂದೇ ಬಗೆಯ ಹೊಲಿಗೆಯನ್ನು ಮಾತ್ರ ಬಲ್ಲವರು ಅನಂತರದ ಸಾಲಿನಲ್ಲಿರುತ್ತಾರೆ. ಕಾಲರ್, ತೋಳು, ಜೇಬು ಹೀಗೆ ಹಲವು ಭಾಗಗಳನ್ನು ಹೊಲಿಯಬಲ್ಲವರು, ಹೊಸ ಯಂತ್ರವನ್ನು ಹೊಂದಿಸಿಕೊಳ್ಳಬಲ್ಲವರು ಸುಲಭವಾಗಿ ಒಂದು ಸಾಲಿನಿಂದ ಇನ್ನೊಂದಕ್ಕೆ ಬದಲಾಗಬಹುದು. ಹೆಲ್ಪರ್ ಆಗಿ ಸೇರಿದವರು ಅದೇ ಕೆಲಸದಲ್ಲಿ ವರ್ಷಗಳನ್ನು ಕಳೆಯದೆ, ಮೊದಲ ಅವಕಾಶದಲ್ಲಿಯೇ ಹೊಲಿಗೆ ತರಬೇತಿ ಪಡೆಯುವುದು ಒಳಿತು.

5. ಲೆಕ್ಕಪತ್ರ ಮತ್ತು ಕಚೇರಿ ಕೆಲಸ

ಲೆಕ್ಕಪತ್ರ ಸಹಾಯಕರ ಕೆಲಸವೂ ಹೀಗೆಯೇ ಬದಲಾಗಿದೆ. ಮೊದಲು ಕೈಬರಹದ ಖಾತೆ ಪುಸ್ತಕವಿತ್ತು. ಅನಂತರ ಲೆಕ್ಕಪತ್ರ ತಂತ್ರಾಂಶ ಬಂದು, ಮೊತ್ತ ಕೂಡುವ ಮತ್ತು ತಾಳೆಪಟ್ಟಿ ತಯಾರಿಸುವ ಶ್ರಮ ತಪ್ಪಿತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದು, ಮಾರಾಟಗಾರರು ಸಲ್ಲಿಸಿದ ವಿವರ ಖರೀದಿದಾರರಿಗೆ ಗಣಕಯಂತ್ರದಲ್ಲಿಯೇ ದೊರೆಯುವಂತಾಯಿತು. 2023ರ ಆಗಸ್ಟ್ 1ರಿಂದ ವಾರ್ಷಿಕ 5 ಕೋಟಿ ರೂಪಾಯಿಗೆ ಮೀರಿದ ವಹಿವಾಟು ಇರುವವರು ಇತರ ವ್ಯಾಪಾರಸ್ಥರಿಗೆ ನೀಡುವ ಬಿಲ್ಲುಗಳಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಈಗ ಬಿಲ್ಲಿನ ಚಿತ್ರವನ್ನು ಓದಿ ತಾನೇ ನಮೂದು ಮಾಡುವ ತಂತ್ರಾಂಶಗಳು ಬಳಕೆಗೆ ಬರುತ್ತಿವೆ.

ಒಂದು ಉದಾಹರಣೆಯನ್ನು ಗಮನಿಸಬಹುದು. ಒಂದು ಬಟ್ಟೆ ಅಂಗಡಿಯ ಮಾಲೀಕರು ತಮ್ಮ ಸಂಸ್ಥೆಯ ಹೆಸರಿನಲ್ಲಿ ಕಾರನ್ನು ಖರೀದಿಸಿದರೆ, ಬಿಲ್ಲಿನಲ್ಲಿ ತೆರಿಗೆಯ ಮೊತ್ತ ಸ್ಪಷ್ಟವಾಗಿ ನಮೂದಾಗಿರುತ್ತದೆ. ಯಂತ್ರ ಅದನ್ನು ಓದಿ ಹೂಡುವಳಿ ತೆರಿಗೆ ಜಮೆಗೆ ಸೇರಿಸಿಬಿಡಬಹುದು. ಆದರೆ ಇಂತಹ ಕಾರಿನ ಮೇಲಿನ ತೆರಿಗೆಯನ್ನು ಸಾಮಾನ್ಯವಾಗಿ ಜಮೆ ಪಡೆಯಲು ಕಾನೂನಿನಲ್ಲಿ ಅವಕಾಶವಿಲ್ಲ. ತಪ್ಪಾಗಿ ಪಡೆದರೆ ಮುಂದೆ ಬಡ್ಡಿ ಸಹಿತ ಪಾವತಿಸಬೇಕಾಗುತ್ತದೆ. ಬಿಲ್ಲಿನಲ್ಲಿರುವ ಅಂಕಿಯನ್ನು ಯಂತ್ರ ತಪ್ಪಿಲ್ಲದೆ ಓದಿದೆ. ಆ ಅಂಕಿ ಯಾವ ಖಾತೆಗೆ ಹೋಗಬೇಕೆಂಬುದರಲ್ಲಿ ಎಡವಿದೆ. ಇದನ್ನು ತಡೆಯುವವರು ಖರ್ಚಿಗೂ ಆಸ್ತಿಗೂ ಇರುವ ವ್ಯತ್ಯಾಸವನ್ನು, ಜಮೆಗೆ ಅರ್ಹವಾದುದು ಯಾವುದು ಎಂಬುದನ್ನು ಕಲಿತ ಲೆಕ್ಕಪತ್ರ ಸಹಾಯಕರು. ವೇಗವಾಗಿ ಬೆರಳಚ್ಚು ಮಾಡುವ ಕೌಶಲ್ಯದ ಬೆಲೆ ಇಳಿದಿದೆ, ಲೆಕ್ಕಶಾಸ್ತ್ರದ ಮೂಲ ತತ್ತ್ವಗಳನ್ನು ತಿಳಿದಿರುವುದರ ಬೆಲೆ ಏರಿದೆ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರವಣಿಗೆ ಮಾಡುವ ಕೃತಕ ಬುದ್ಧಿಮತ್ತೆಯ ಪರಿಣಾಮಕ್ಕೆ ಅತಿ ಹೆಚ್ಚು ಒಳಗಾಗುವುದು ಗುಮಾಸ್ತ ವರ್ಗದ ಕೆಲಸಗಳು ಎಂದು ತಿಳಿಸಲಾಗಿದೆ. ಈ ವರ್ಗದ ಕಾರ್ಯಗಳಲ್ಲಿ ಶೇಕಡ 24ರಷ್ಟು ಅತಿ ಹೆಚ್ಚಿನ ಪರಿಣಾಮಕ್ಕೂ, ಇನ್ನು ಶೇಕಡ 58ರಷ್ಟು ಮಧ್ಯಮ ಪರಿಣಾಮಕ್ಕೂ ಒಳಗಾಗುತ್ತವೆ ಎಂದು ಅಂದಾಜಿಸಲಾಗಿದೆ. ಬಹುತೇಕ ವೃತ್ತಿಗಳು ಪೂರ್ಣವಾಗಿ ಇಲ್ಲವಾಗುವುದಕ್ಕಿಂತ ಅವುಗಳ ಕೆಲಸದ ರೀತಿ ಬದಲಾಗುವ ಸಂಭವವೇ ಹೆಚ್ಚು ಎಂಬುದೂ ಅದೇ ಅಧ್ಯಯನದ ಅಭಿಪ್ರಾಯ. ಗುಮಾಸ್ತ ಹುದ್ದೆಗಳಲ್ಲಿ ಮಹಿಳೆಯರ ಪ್ರಮಾಣ ಹೆಚ್ಚಿರುವುದರಿಂದ ಅವರ ಮೇಲೆ ಪರಿಣಾಮ ಅಧಿಕ ಎಂದೂ ಹೇಳಲಾಗಿದೆ. ದತ್ತಾಂಶ ನಮೂದು ಕೋರ್ಸ್‌ಗೆ ಮಾತ್ರ ಸೇರಬಯಸುವ ಅಭ್ಯರ್ಥಿಗಳು ಈ ಅಂಶವನ್ನು ಗಮನದಲ್ಲಿಡತಕ್ಕದ್ದು.

6. ಹೊಸದಾಗಿ ಕೆಲಸಕ್ಕೆ ಸೇರುವವರ ತೊಡಕು

ಅನುಭವಿ ಕೆಲಸಗಾರರಿಗಿಂತ ಹೊಸಬರಿಗೆ ಈ ಬದಲಾವಣೆಯಿಂದ ಬೇರೆ ರೀತಿಯ ತೊಂದರೆ ಎದುರಾಗುತ್ತದೆ. ಇದುವರೆಗೆ ಪ್ರತಿಯೊಂದು ವೃತ್ತಿಯಲ್ಲಿಯೂ ಸುಲಭದ ಕೆಲಸದಿಂದ ಆರಂಭಿಸಿ ಕಠಿಣವಾದುದಕ್ಕೆ ಏರುವ ಕ್ರಮವಿತ್ತು. ಹೊಸ ಸಹಾಯಕ ಮೊದಲು ಬಿಲ್ಲು ನಮೂದಿಸುತ್ತಿದ್ದ. ನೂರಾರು ಬಿಲ್ಲುಗಳನ್ನು ನೋಡುತ್ತಾ ತಪ್ಪನ್ನು ಗುರುತಿಸುವ ಕಣ್ಣು ಬೆಳೆಯುತ್ತಿತ್ತು. ಕಾರ್ಖಾನೆಯಲ್ಲಿ ಬಿಡಿಭಾಗ ವಿಂಗಡಿಸುತ್ತಾ ಹುಡುಗರು ದೋಷಗಳನ್ನು ಅರಿಯುತ್ತಿದ್ದರು. ಈಗ ಯಂತ್ರ ವಹಿಸಿಕೊಳ್ಳುತ್ತಿರುವುದು ಈ ಮೊದಲ ಮೆಟ್ಟಿಲುಗಳನ್ನೇ. ಮೇಲಿನ ಮೆಟ್ಟಿಲಿನಲ್ಲಿ ಕೆಲಸವಿದೆ, ಅಲ್ಲಿಗೆ ಏರುವ ದಾರಿ ಕಿರಿದಾಗಿದೆ.

ಈ ಕಾರಣದಿಂದ ಶಿಶಿಕ್ಷು ತರಬೇತಿ, ಅಂದರೆ ಅಪ್ರೆಂಟಿಸ್‌ಶಿಪ್, ಮೊದಲಿಗಿಂತಲೂ ಮುಖ್ಯವಾಗಿದೆ. ಉದ್ಯೋಗಕ್ಕೆ ಸೇರಿದ ಮೇಲೆ ಕಲಿಯುತ್ತಿದ್ದುದನ್ನು ಸೇರುವ ಮೊದಲೇ, ಅನುಭವಿಗಳ ಪಕ್ಕದಲ್ಲಿ ನಿಂತು ಕಲಿಯಲು ಉಳಿದಿರುವ ವ್ಯವಸ್ಥಿತ ಮಾರ್ಗ ಇದು. 1961ರ ಅಪ್ರೆಂಟಿಸ್ ಅಧಿನಿಯಮದಡಿಯ ನಿಯಮಗಳಂತೆ 30 ಮತ್ತು ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ಒಟ್ಟು ಸಿಬ್ಬಂದಿಯ ಶೇಕಡ 2.5ರಿಂದ 15ರ ವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕಾಗಿರುತ್ತದೆ. ತರಬೇತಿಯ ಅವಧಿಯಲ್ಲಿ ಶಿಷ್ಯವೇತನ ನೀಡಲಾಗುತ್ತದೆ. ಒಂದೆರಡು ಸಾವಿರ ರೂಪಾಯಿ ಹೆಚ್ಚು ಸಿಗುವುದೆಂದು ಕೌಶಲ್ಯವಿಲ್ಲದ ಕೆಲಸಕ್ಕೆ ಸೇರಿ ಅಪ್ರೆಂಟಿಸ್ ಅವಕಾಶವನ್ನು ಕೈಬಿಡುವ ಮೊದಲು ಅಭ್ಯರ್ಥಿಗಳು ಮತ್ತು ಪೋಷಕರು ಆಲೋಚಿಸಲು ಕೋರಲಾಗಿದೆ.

7. ಬೆಳೆಸಿಕೊಳ್ಳಬೇಕಾದ ಕೌಶಲ್ಯಗಳು

ಮೇಲಿನ ಉದಾಹರಣೆಗಳ ಆಧಾರದಿಂದ ಯಾವುದೇ ವೃತ್ತಿಯವರಿಗೆ ಅನ್ವಯಿಸುವ ಕೌಶಲ್ಯಗಳನ್ನು ಹೀಗೆ ಪಟ್ಟಿ ಮಾಡಬಹುದು.

(ಅ) ಮೂಲ ವೃತ್ತಿಯ ಪೂರ್ಣ ಜ್ಞಾನ. ಕೆಲಸವನ್ನು ಹೇಗೆ ಮಾಡಬೇಕೆಂಬುದರ ಜೊತೆಗೆ ಏಕೆ ಹಾಗೆ ಮಾಡಬೇಕೆಂಬುದನ್ನೂ ತಿಳಿದಿರುವುದು.

(ಆ) ಪರಿಶೀಲಿಸುವ ಅಭ್ಯಾಸ. ಯಂತ್ರ ಕೊಟ್ಟ ಅಳತೆ, ಮೊತ್ತ, ಅನುವಾದ, ಉತ್ತರ ಯಾವುದೇ ಆಗಲಿ, ಅದನ್ನು ಬೇರೆ ಆಧಾರದಿಂದ ತಾಳೆ ನೋಡುವುದು.

(ಇ) ಸ್ಪಷ್ಟವಾಗಿ ಕೇಳುವ ಮತ್ತು ಬರೆಯುವ ಸಾಮರ್ಥ್ಯ. ಕೃತಕ ಬುದ್ಧಿಮತ್ತೆಗೆ ಅರೆಬರೆ ವಿವರ ಕೊಟ್ಟರೆ ಅರೆಬರೆ ಉತ್ತರ ಬರುತ್ತದೆ. ಏನು ಬೇಕು, ಯಾರಿಗೆ ಬೇಕು, ಯಾವ ಮಿತಿಯೊಳಗೆ ಬೇಕು ಎಂದು ತಿಳಿಸಬಲ್ಲವರಿಗೆ ಅದು ಉಪಯುಕ್ತ.

(ಈ) ಗಣಕಯಂತ್ರದ ಪ್ರಾಥಮಿಕ ಜ್ಞಾನ. ಕಡತ ತೆರೆಯುವುದು, ಪಟ್ಟಿಕೆಯಲ್ಲಿ ಲೆಕ್ಕ ಮಾಡುವುದು, ಯಂತ್ರದ ಪರದೆಯ ಮೇಲಿನ ಸೂಚನೆ ಓದುವುದು.

(ಉ) ಜನರೊಡನೆ ವ್ಯವಹರಿಸುವ ಕೌಶಲ್ಯ. ದೂರವಾಣಿ ಗ್ರಾಹಕ ಸೇವೆಯಲ್ಲಿ ಖಾತೆಯ ಶಿಲ್ಕು, ಸರಕು ತಲುಪುವ ದಿನಾಂಕ ಮುಂತಾದ ಸರಳ ಪ್ರಶ್ನೆಗಳಿಗೆ ಯಂತ್ರವೇ ಉತ್ತರ ಕೊಡುತ್ತಿದೆ. ಸಿಬ್ಬಂದಿಗೆ ಬರುವುದು ಯಂತ್ರಕ್ಕೆ ಬಗೆಹರಿಯದ, ಈಗಾಗಲೇ ಬೇಸತ್ತಿರುವ ಗ್ರಾಹಕರ ಕರೆ. ಅದನ್ನು ತಾಳ್ಮೆಯಿಂದ ಆಲಿಸಿ ಪರಿಹರಿಸಬಲ್ಲವರ ಅಗತ್ಯ ಉಳಿದಿದೆ.

ಕನ್ನಡವನ್ನು ಚೆನ್ನಾಗಿ ಬಲ್ಲ ಅಭ್ಯರ್ಥಿಗಳಿಗೆ ಇನ್ನೊಂದು ಮಾತು. ಭಾರತೀಯ ಭಾಷೆಗಳಿಗಾಗಿ ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಭಾಷಿಣಿ ಯೋಜನೆಯೂ ಸೇರಿದಂತೆ ಹಲವು ಸೇವೆಗಳು ಈಗ ಕನ್ನಡಕ್ಕೆ ಅನುವಾದ ಮಾಡುತ್ತವೆ. ಯಂತ್ರಾನುವಾದದಲ್ಲಿ ಗೌರವವಾಚಕ, ಆಡಳಿತ ಪದ, ಪ್ರಾದೇಶಿಕ ಬಳಕೆಗಳು ತಪ್ಪಿಹೋಗುವುದುಂಟು. ಅವುಗಳನ್ನು ತಿದ್ದಬಲ್ಲ ಭಾಷಾಜ್ಞಾನವೂ ಒಂದು ವೃತ್ತಿ ಕೌಶಲ್ಯವೆಂದು ಪರಿಗಣಿಸಬೇಕಾಗಿದೆ.

8. ತರಬೇತಿ ಮತ್ತು ಪ್ರಮಾಣಪತ್ರ ಪಡೆಯುವ ಮಾರ್ಗಗಳು

ಕೈಗಾರಿಕಾ ತರಬೇತಿ ಸಂಸ್ಥೆಗಳು (ಐಟಿಐ): ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಮುಂತಾದ ಎರಡು ವರ್ಷದ ವೃತ್ತಿಗಳು ಹಾಗೂ ಗಣಕಯಂತ್ರ ನಿರ್ವಹಣೆ, ಹೊಲಿಗೆ ಮುಂತಾದ ಒಂದು ವರ್ಷದ ವೃತ್ತಿಗಳಲ್ಲಿ ಇಲ್ಲಿ ತರಬೇತಿ ನೀಡಲಾಗುತ್ತದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿ 2022ರ ಜೂನ್ 20ರಂದು ಲೋಕಾರ್ಪಣೆ ಮಾಡಲಾಗಿದೆ. ಇವುಗಳಲ್ಲಿ ಉನ್ನತ ಸಿಎನ್‌ಸಿ ಯಂತ್ರಗಾರಿಕೆ, ಕೈಗಾರಿಕಾ ರೋಬೋಟಿಕ್ಸ್, ಉತ್ಪಾದನಾ ನಿಯಂತ್ರಣ ಮತ್ತು ಸ್ವಯಂಚಾಲನೆ, ವಿದ್ಯುತ್ ವಾಹನ ದುರಸ್ತಿ ಮುಂತಾದ ಹೊಸ ವೃತ್ತಿಗಳ ತರಬೇತಿಗೆ ಅವಕಾಶ ಕಲ್ಪಿಸಲಾಗಿದೆ. ಯಾವ ಸಂಸ್ಥೆಯಲ್ಲಿ ಯಾವ ವೃತ್ತಿ ಲಭ್ಯ ಎಂಬುದನ್ನು ಅರ್ಜಿ ಸಲ್ಲಿಸುವ ಮೊದಲು ಆಯಾ ಸಂಸ್ಥೆಯಲ್ಲಿ ವಿಚಾರಿಸತಕ್ಕದ್ದು.

ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ): ಡೆನ್ಮಾರ್ಕ್ ದೇಶದ ನೆರವಿನೊಂದಿಗೆ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಸಂಸ್ಥೆಯು ಈಗ ರಾಜ್ಯದ ಹಲವು ಸ್ಥಳಗಳಲ್ಲಿ ಡಿಪ್ಲೊಮಾ ಮತ್ತು ಅಲ್ಪಾವಧಿ ಕೋರ್ಸ್‌ಗಳನ್ನು ನಡೆಸುತ್ತಿದೆ. ಉದ್ಯೋಗದಲ್ಲಿರುವವರಿಗೆ ಅಲ್ಪಾವಧಿ ಕೋರ್ಸ್‌ಗಳು ಅನುಕೂಲಕರ.

ಪೂರ್ವ ಕಲಿಕೆಗೆ ಮಾನ್ಯತೆ (ಆರ್‌ಪಿಎಲ್): ಕೆಲಸ ಬಲ್ಲವರಾಗಿದ್ದು ಯಾವುದೇ ಪ್ರಮಾಣಪತ್ರ ಇಲ್ಲದವರಿಗೆ ಈ ವ್ಯವಸ್ಥೆ ಇರುತ್ತದೆ. ಅಭ್ಯರ್ಥಿಯು ಈಗಾಗಲೇ ಹೊಂದಿರುವ ಕೌಶಲ್ಯವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡಲಾಗುತ್ತದೆ. ಇದಲ್ಲದೆ, ನಿಗದಿತ ಅವಧಿಯ ಅನುಭವ ಹೊಂದಿರುವ ಕೆಲಸಗಾರರು ಷರತ್ತುಗಳಿಗೆ ಒಳಪಟ್ಟು ಅಖಿಲ ಭಾರತ ವೃತ್ತಿ ಪರೀಕ್ಷೆಗೆ ಖಾಸಗಿ ಅಭ್ಯರ್ಥಿಯಾಗಿ ಹಾಜರಾಗುವ ಅವಕಾಶವೂ ಇದೆ. ವಿವರಗಳನ್ನು ಸಮೀಪದ ಸರ್ಕಾರಿ ಐಟಿಐ ಪ್ರಾಚಾರ್ಯರಿಂದ ಪಡೆಯಬಹುದು.

ಅನುಭವವಿದ್ದೂ ಪ್ರಮಾಣಪತ್ರ ಇಲ್ಲದವರು ಈ ಮಾರ್ಗವನ್ನು ಮುಂದೂಡಬಾರದು. ಒಂದೇ ಘಟಕದಲ್ಲಿ ಇಪ್ಪತ್ತು ವರ್ಷ ದುಡಿದವರ ಕೈಚಳಕ ಆ ಘಟಕದ ಮಾಲೀಕರಿಗೆ ಗೊತ್ತು. ಆ ಘಟಕದಲ್ಲಿ ಹೊಸ ಯಂತ್ರ ಬಂದು ಕೆಲಸ ಹೋದಾಗ, ಮುಂದಿನ ಘಟಕದವರಿಗೆ ಅದನ್ನು ತೋರಿಸಲು ಕಾಗದವೊಂದೇ ಸಾಕ್ಷಿ. ಕೆಲಸದಲ್ಲಿರುವಾಗಲೇ, ಅನುಭವದ ದೃಢೀಕರಣ ಪತ್ರ ಸುಲಭವಾಗಿ ದೊರೆಯುವಾಗಲೇ ಅರ್ಜಿ ಸಲ್ಲಿಸುವುದು ಉತ್ತಮ.

ಅಂತರ್ಜಾಲದ ಮೂಲಕ ಕಲಿಕೆ: 2023ರಲ್ಲಿ ಆರಂಭವಾದ ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್ ಜಾಲತಾಣದಲ್ಲಿ ಮತ್ತು ಸ್ವಯಂ ಜಾಲತಾಣದಲ್ಲಿ ಅನೇಕ ಕೋರ್ಸ್‌ಗಳು ಲಭ್ಯವಿರುತ್ತವೆ. ಮನೆಯಿಂದಲೇ ನೋಂದಾಯಿಸಿಕೊಳ್ಳಬಹುದಾಗಿದೆ.

ಸಾಮಾನ್ಯವಾಗಿ ಅರ್ಜಿಯೊಂದಿಗೆ ಆಧಾರ್, ವಿದ್ಯಾರ್ಹತೆಯ ಅಂಕಪಟ್ಟಿ, ವರ್ಗಾವಣೆ ಪ್ರಮಾಣಪತ್ರ, ಮೀಸಲಾತಿ ಕೋರುವವರು ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅನುಭವವಿರುವವರು ಅನುಭವ ಪತ್ರ, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ ಹಾಗೂ ಭಾವಚಿತ್ರಗಳನ್ನು ಕೇಳಲಾಗುತ್ತದೆ. ಎಲ್ಲ ದಾಖಲೆಗಳಲ್ಲಿ ಹೆಸರು ಮತ್ತು ಜನ್ಮ ದಿನಾಂಕ ಒಂದೇ ರೀತಿ ಇರುವುದನ್ನು ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು. ವ್ಯತ್ಯಾಸವಿದ್ದಲ್ಲಿ ಅರ್ಜಿಯ ವಿಲೇವಾರಿ ವಿಳಂಬವಾಗುವುದು.

9. ಹೊಸ ಯಂತ್ರದಿಂದ ಕೆಲಸ ಹೋದಲ್ಲಿ ಕಾನೂನಿನ ರಕ್ಷಣೆ

2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆ, 2020ರಲ್ಲಿ ಈ ಕುರಿತು ಮುಖ್ಯ ಉಪಬಂಧಗಳಿವೆ. ಕುಶಲ, ಅಕುಶಲ, ತಾಂತ್ರಿಕ ಹಾಗೂ ಗುಮಾಸ್ತ ಕೆಲಸ ಮಾಡುವವರು ಇದರ ವ್ಯಾಪ್ತಿಗೆ ಬರುತ್ತಾರೆ. ಆಡಳಿತ ಹುದ್ದೆಯಲ್ಲಿರುವವರು ಹಾಗೂ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನದ ಮೇಲ್ವಿಚಾರಕರು ಬರುವುದಿಲ್ಲ.

(ಅ) ಕಾರ್ಮಿಕರ ಕಡಿತಕ್ಕೆ ಎಡೆಮಾಡಬಹುದಾದಂತಹ ಯಂತ್ರ ಅಥವಾ ತಂತ್ರದ ಬದಲಾವಣೆಯನ್ನು ಮಾಡುವ ಮೊದಲು ಮಾಲೀಕರು ಬಾಧಿತ ಕಾರ್ಮಿಕರಿಗೆ ಸೂಚನೆ ನೀಡಬೇಕು. ಸೂಚನೆ ನೀಡಿ 21 ದಿನ ಕಳೆಯುವವರೆಗೆ ಬದಲಾವಣೆ ಮಾಡುವಂತಿಲ್ಲ.

(ಆ) ಒಂದು ವರ್ಷಕ್ಕೆ ಕಡಿಮೆಯಿಲ್ಲದ ನಿರಂತರ ಸೇವೆಯ ಕಾರ್ಮಿಕರನ್ನು ಹಿಂಬಡ್ತಿಯಲ್ಲದೆ ಕೆಲಸದಿಂದಲೇ ಕಡಿತಗೊಳಿಸುವಾಗ ಒಂದು ತಿಂಗಳ ಲಿಖಿತ ಸೂಚನೆ ಅಥವಾ ಅದರ ಬದಲು ವೇತನ ಕೊಡಬೇಕು. ಜೊತೆಗೆ ಪೂರ್ಣಗೊಂಡ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರ ನೀಡಬೇಕು.

(ಇ) ಸಾಮಾನ್ಯವಾಗಿ ಆಯಾ ವರ್ಗದಲ್ಲಿ ಕೊನೆಯಲ್ಲಿ ಸೇರಿದವರನ್ನು ಮೊದಲು ಕಡಿತ ಮಾಡಬೇಕು. ಒಂದು ವರ್ಷದೊಳಗೆ ಪುನಃ ನೇಮಕ ಮಾಡಿಕೊಳ್ಳುವುದಾದರೆ ಕಡಿತಗೊಂಡವರಿಗೆ ಆದ್ಯತೆ ಇರುತ್ತದೆ.

(ಈ) ಕಡಿತಗೊಂಡ ಪ್ರತಿಯೊಬ್ಬ ಕಾರ್ಮಿಕರ ಪರವಾಗಿ ಮಾಲೀಕರು 15 ದಿನಗಳ ಕೊನೆಯ ವೇತನದಷ್ಟು ಮೊತ್ತವನ್ನು ಮರುಕೌಶಲ್ಯ ನಿಧಿಗೆ ನೀಡಬೇಕಾಗುತ್ತದೆ. ಈ ಮೊತ್ತವನ್ನು 45 ದಿನಗಳೊಳಗೆ ಕಾರ್ಮಿಕರ ಖಾತೆಗೆ ಜಮೆ ಮಾಡಲು ಸಂಹಿತೆಯಲ್ಲಿ ಅವಕಾಶ ಕಲ್ಪಿಸಲಾಗಿದೆ.

ಲೆಕ್ಕದ ಮಾದರಿ: ದಿನಕ್ಕೆ ಸರಾಸರಿ 600 ರೂಪಾಯಿ ವೇತನ ಪಡೆಯುವ, 12 ವರ್ಷ ಪೂರ್ಣ ಸೇವೆ ಸಲ್ಲಿಸಿದ ಕಾರ್ಮಿಕರನ್ನು ಕಡಿತಗೊಳಿಸಲಾಗಿದೆ ಎಂದಿಟ್ಟುಕೊಳ್ಳಬಹುದು. 15 ದಿನಗಳ ವೇತನ 9,000 ರೂಪಾಯಿ. ಇದನ್ನು 12ರಿಂದ ಗುಣಿಸಿದಾಗ ಕಡಿತ ಪರಿಹಾರ 1,08,000 ರೂಪಾಯಿ ಆಗುತ್ತದೆ. ಮರುಕೌಶಲ್ಯ ನಿಧಿಯ ಮೊತ್ತ 9,000 ರೂಪಾಯಿ ಪ್ರತ್ಯೇಕ. ಸೂಚನಾ ಅವಧಿಯ ವೇತನ, ಗ್ರಾಚ್ಯುಟಿ, ಭವಿಷ್ಯ ನಿಧಿಗಳು ಇವುಗಳಲ್ಲಿ ಸೇರಿಲ್ಲ.

ರಾಜೀನಾಮೆ ಪತ್ರ ಕೊಟ್ಟು ಕೆಲಸ ಬಿಟ್ಟವರನ್ನು ಕಡಿತಗೊಂಡವರೆಂದು ಪರಿಗಣಿಸಲಾಗುವುದಿಲ್ಲ. ಆದುದರಿಂದ ಹೊಸ ಯಂತ್ರ ಬಂದ ಸಂದರ್ಭದಲ್ಲಿ ಯಾವುದೇ ಕಾಗದಕ್ಕೆ ಸಹಿ ಮಾಡುವ ಮೊದಲು ಅದರಲ್ಲಿ ಏನು ಬರೆದಿದೆ ಎಂದು ಓದಿಸಿ ತಿಳಿದುಕೊಳ್ಳಬೇಕು. ನೇಮಕಾತಿ ಪತ್ರ, ವೇತನ ಚೀಟಿ, ಹಾಜರಾತಿ ವಿವರಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ತಕರಾರು ಇದ್ದಲ್ಲಿ ವ್ಯಾಪ್ತಿಯ ಕಾರ್ಮಿಕ ಅಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು. ವಿವಾದ ಉದ್ಭವಿಸಿ ಎರಡು ವರ್ಷ ಕಳೆದ ನಂತರ ಸಂಧಾನ ಪ್ರಕ್ರಿಯೆ ನಡೆಸಲು ಅವಕಾಶವಿಲ್ಲದಿರುವುದರಿಂದ ವಿಳಂಬ ಮಾಡಬಾರದು.

10. ಸಾರ್ವಜನಿಕರಿಗೆ ಎಚ್ಚರಿಕೆ

ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ಕೆಲವೇ ದಿನಗಳ ತರಬೇತಿ ನೀಡಿ ಉದ್ಯೋಗ ಖಚಿತ ಎಂದು ಭರವಸೆ ಕೊಡುವ ಜಾಹೀರಾತುಗಳನ್ನು ನಂಬಿ ಹಣ ಪಾವತಿಸಬಾರದು. ಪ್ರಮಾಣಪತ್ರಕ್ಕೆ ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟಿನ ಮಾನ್ಯತೆ ಇದೆಯೇ, ಅದರಲ್ಲಿ ಯಾವ ಹಂತ ಎಂದು ಮೊದಲು ವಿಚಾರಿಸಬೇಕು. ಸರ್ಕಾರದ ಯೋಜನೆಗಳಿಗೆ ಅರ್ಜಿ ಸಲ್ಲಿಸಲು ಮಧ್ಯವರ್ತಿಗಳ ಅಗತ್ಯವಿರುವುದಿಲ್ಲ.

ಕೃತಕ ಬುದ್ಧಿಮತ್ತೆಯ ಸೇವೆಗಳನ್ನು ಬಳಸುವಾಗ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ, ಗ್ರಾಹಕರ ಮಾಹಿತಿ, ಸಂಸ್ಥೆಯ ನಕ್ಷೆಗಳನ್ನು ಅವುಗಳಲ್ಲಿ ನಮೂದಿಸಬಾರದು. ಅರ್ಜಿ ನಮೂನೆಯ ಅಂಶಗಳನ್ನು ಇಂತಹ ಸೇವೆಯಿಂದ ಭರ್ತಿ ಮಾಡಿಸಿಕೊಂಡಲ್ಲಿ ಪ್ರತಿಯೊಂದು ಅಂಶವನ್ನೂ ಸ್ವತಃ ಓದಿ ನೋಡತಕ್ಕದ್ದು. ಅರ್ಜಿಯಲ್ಲಿನ ತಪ್ಪಿಗೆ ಸಹಿ ಮಾಡಿದ ಅರ್ಜಿದಾರರೇ ಹೊಣೆಗಾರರಾಗಿರುತ್ತಾರೆ.

11. ಕೊನೆಯದಾಗಿ

ವಿಶ್ವ ಆರ್ಥಿಕ ವೇದಿಕೆಯು 2025ರಲ್ಲಿ ಪ್ರಕಟಿಸಿದ ವರದಿಯು, ಒಂದು ಸಾವಿರಕ್ಕೂ ಹೆಚ್ಚು ಉದ್ಯೋಗದಾತರ ಅಭಿಪ್ರಾಯವನ್ನು ಆಧರಿಸಿದೆ. ಅದರಂತೆ 2030ರ ವೇಳೆಗೆ ಪ್ರತಿ 100 ಕೆಲಸಗಾರರಲ್ಲಿ 59 ಮಂದಿಗೆ ಹೊಸ ತರಬೇತಿಯ ಅಗತ್ಯವಿದ್ದು, ಅವರಲ್ಲಿ 11 ಮಂದಿಗೆ ಅದು ದೊರೆಯುವ ಸಂಭವ ಕಡಿಮೆ. ಇದು ಅಂದಾಜು ಮಾತ್ರ. ಆದರೂ ಆ 11 ಮಂದಿಯಲ್ಲಿ ಸೇರಬಹುದಾದವರು ಯಾರೆಂದು ಊಹಿಸುವುದು ಕಷ್ಟವಲ್ಲ: ಪ್ರಮಾಣಪತ್ರವಿಲ್ಲದವರು, ಮಾಹಿತಿ ತಲುಪದವರು, ಒಂದು ದಿನದ ಕೂಲಿ ಬಿಟ್ಟು ಕಚೇರಿಗೆ ಬರಲು ಆಗದವರು.

ಆದುದರಿಂದ ಈ ಪುಟವನ್ನು ಓದಿದವರು ತಮ್ಮ ಮನೆಯಲ್ಲಿ, ಬೀದಿಯಲ್ಲಿ, ಕೆಲಸದ ಸ್ಥಳದಲ್ಲಿ ಇರುವ ಇಂತಹವರಿಗೆ ಮೇಲ್ಕಂಡ ವಿವರಗಳನ್ನು ತಿಳಿಸಲು ಕೋರಲಾಗಿದೆ. ಹೆಚ್ಚಿನ ಮಾಹಿತಿಗಾಗಿ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿ, ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ ಅಥವಾ ಸಮೀಪದ ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಯನ್ನು ಕಚೇರಿಯ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.